ಪಾಡ್‌ಕಾಸ್ಟ್ | ಮರಳುಗಾಡಿನಲ್ಲಿ ಒಂದು ದಿನದ ಸೂತಕ: ಡಕಾರ್ ರ‍್ಯಾಲಿಯ ಸವಾರರು ತಮ್ಮವರನ್ನು ಕಳೆದುಕೊಂಡಾಗ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯಲ್ಲಿ ಒಂದು ರೇಸ್ ನಿಂತ ದಿನದ ಕಥೆ ಹೇಳ್ತೀನಿ. ರೇಸ್ ಗೆದ್ದವರ ಕಥೆ ನಾವು ಬೇಕಾದಷ್ಟು ಕೇಳಿದ್ದೀವಿ. ನಿಂತ ದಿನದ ಕಥೆ ಯಾರೂ ಅಷ್ಟಾಗಿ ಹೇಳೋದಿಲ್ಲ.

2020ರ ಜನವರಿ 13, ಸೋಮವಾರ. ಜಾಗ, ಸೌದಿ ಅರೇಬಿಯಾದ ವಾದಿ ಅಲ್ ದವಾಸಿರ್. ಡಕಾರ್ ರ‍್ಯಾಲಿಯ ಎಂಟನೇ ಹಂತ ಅವತ್ತು. ಕಾರುಗಳು ಹೊರಟವು, ಟ್ರಕ್‌ಗಳು ಹೊರಟವು. ಬೈಕ್‌ಗಳು ಮಾತ್ರ ಹೊರಡಲಿಲ್ಲ. ಜೊತೆಗೆ ಕ್ವಾಡ್, ಅಂದರೆ ನಾಲ್ಕು ಚಕ್ರದ ಬೈಕ್‌ಗಳೂ ನಿಂತವು. ಸವಾರರಿಗೆ ತಮ್ಮ ಗೆಳೆಯನಿಗಾಗಿ ದುಃಖಿಸಲು ಸಮಯ ಬೇಕು ಅಂತ ಆಯೋಜಕರು, ಸವಾರರ ಜೊತೆ ಮಾತಾಡಿ, ಆ ದಿನದ ಸ್ಪರ್ಧೆಯನ್ನೇ ರದ್ದು ಮಾಡಿದ್ದರು.

ನಮ್ಮ ಹಳ್ಳಿಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಊರಲ್ಲಿ ಒಂದು ಸಾವಾದರೆ ಹೆಣ ಎತ್ತುವವರೆಗೂ ಅಕ್ಕಪಕ್ಕದ ಮನೆಯಲ್ಲಿ ಒಲೆ ಹಚ್ಚೋದಿಲ್ಲ. ಸತ್ತವರು ನೆಂಟರೇ ಆಗಿರಬೇಕು ಅಂತೇನಿಲ್ಲ. ಜೊತೆಗೆ ಬದುಕಿದವರು ಅನ್ನೋ ಒಂದೇ ಕಾರಣ ಸಾಕು. ಆದರೆ ಕೋಟ್ಯಂತರ ರೂಪಾಯಿಯ, ಟಿವಿಯಲ್ಲಿ ಬರುವ, ಜಾಹೀರಾತುದಾರರ ದುಡ್ಡಿನ ಮೇಲೆ ನಿಂತಿರುವ ಒಂದು ರೇಸ್ ಕೂಡ ಹೀಗೆ ಒಲೆ ಆರಿಸಿ ಕೂರುತ್ತಾ? ಕೂತಿದೆ. ಅದೂ ಮೊದಲ ಸಲವೇನಲ್ಲ. ಈ ಪದ್ಧತಿ ಎಲ್ಲಿಂದ ಬಂತು, ಇದರಿಂದ ಏನು ಬದಲಾಯಿತು, ಯಾರ ಸಾವಿಗೆ ಈ ಸೂತಕ ಸಿಗಲಿಲ್ಲ, ಇವಿಷ್ಟು ಇವತ್ತಿನ ವಿಷಯ.

ಆ ಭಾನುವಾರ ಏನಾಯಿತು?

ತೀರಿಕೊಂಡವರು ಪಾವುಲೊ ಗೊನ್ಸಾಲ್ವೆಸ್. ಪೋರ್ಚುಗಲ್ ದೇಶದವರು, ಎಸ್ಪೊಸೆಂದೆ ಅನ್ನೋ ಕಡಲತೀರದ ಊರಿನವರು. ವಯಸ್ಸು 40. ರೇಸ್ ಬಳಗದಲ್ಲಿ ಅವರ ಅಡ್ಡಹೆಸರು ‘ಸ್ಪೀಡಿ’. 2006ರಲ್ಲಿ ಮೊದಲ ಡಕಾರ್‌ಗೆ ಬಂದಿದ್ದರು, 2020ರದ್ದು ಅವರ 13ನೇ ಡಕಾರ್. 2013ರಲ್ಲಿ ಕ್ರಾಸ್ ಕಂಟ್ರಿ ರ‍್ಯಾಲಿಯ ವಿಶ್ವ ಚಾಂಪಿಯನ್ ಆಗಿದ್ದರು. 2015ರ ಡಕಾರ್‌ನಲ್ಲಿ ಸ್ಪೇನ್‌ನ ಮಾರ್ಕ್ ಕೋಮಾ ಎದುರು ಸುಮಾರು 17 ನಿಮಿಷದ ಅಂತರದಲ್ಲಿ ಎರಡನೇ ಸ್ಥಾನ. ಎರಡು ವಾರ ಓಡಿಸಿ 17 ನಿಮಿಷದಲ್ಲಿ ಸೋಲೋದು ಅಂದರೆ ಎಂಥ ಸವಾರ ಅಂತ ನೀವೇ ಅಂದಾಜು ಮಾಡಿ.

ಹೋಂಡಾ ತಂಡದಲ್ಲಿ ಹಲವು ವರ್ಷ ಇದ್ದ ಪಾವುಲೊ 2019ರಲ್ಲಿ ನಮ್ಮ ದೇಶದ ಹೀರೊ ಮೋಟೊಸ್ಪೋರ್ಟ್ಸ್ ತಂಡ ಸೇರಿದರು. ಆ ತಂಡದಲ್ಲಿ ಆಗಲೇ ಇಬ್ಬರು ಮುಖ್ಯ ಸವಾರರಿದ್ದರು. ಒಬ್ಬರು ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಇನ್ನೊಬ್ಬರು ಪೋರ್ಚುಗಲ್‌ನ ಜೊವಾಕಿಂ ರೊಡ್ರಿಗಸ್. ರೊಡ್ರಿಗಸ್‌ಗೂ ಪಾವುಲೊಗೂ ಭಾವ–ಭಾವಮೈದುನ ನಂಟು. ಹಾಗಾಗಿ ಈ ಸಾವು ತಂಡದೊಳಗಿನದ್ದೂ ಹೌದು, ಮನೆಯೊಳಗಿನದ್ದೂ ಹೌದು.

ಆ ವರ್ಷ ಮೂರನೇ ಹಂತದಲ್ಲೇ ಪಾವುಲೊ ಅವರ ಬೈಕಿನ ಎಂಜಿನ್ ಕೈಕೊಟ್ಟಿತು. ಗೆಲ್ಲುವ ಮಾತು ಅಲ್ಲಿಗೇ ಮುಗಿಯಿತು. ಬೇರೆಯವರಾಗಿದ್ದರೆ ಮನೆಗೆ ಹೊರಡುತ್ತಿದ್ದರೋ ಏನೋ. ಇವರು ಮರಳಲ್ಲೇ ಗಂಟೆಗಟ್ಟಲೆ ಕಾದು, ಎಂಜಿನ್ ಬದಲಿಸಿಕೊಂಡು, ಮತ್ತೆ ಓಡಿಸಿದರು. ಜನವರಿ 11ರ ವಿಶ್ರಾಂತಿ ದಿನಕ್ಕೆ ರಿಯಾದ್ ತಲುಪುವಾಗ 46ನೇ ಸ್ಥಾನದಲ್ಲಿದ್ದರು.

ಮಾರನೇ ದಿನ ಏಳನೇ ಹಂತ. ರಿಯಾದ್‌ನಿಂದ ವಾದಿ ಅಲ್ ದವಾಸಿರ್‌ಗೆ. ಗಡಿಯಾರ ಓಡುವ ಭಾಗವೇ 546 ಕಿ.ಮೀ., ಆ ವರ್ಷದ ಅತಿ ಉದ್ದದ ಹಂತ. 276ನೇ ಕಿಲೋಮೀಟರಿನಲ್ಲಿ ಪಾವುಲೊ ಬಿದ್ದರು. ಬೆಳಗ್ಗೆ 10 ಗಂಟೆ 8 ನಿಮಿಷಕ್ಕೆ ಆಯೋಜಕರಿಗೆ ಎಚ್ಚರಿಕೆ ಸಂದೇಶ ಬಂತು. 10 ಗಂಟೆ 16 ನಿಮಿಷಕ್ಕೆ ವೈದ್ಯಕೀಯ ಹೆಲಿಕಾಪ್ಟರ್ ಅಲ್ಲಿಗೆ ತಲುಪಿತು. ಎಂಟು ನಿಮಿಷ. ಬೆಂಗಳೂರಿನಂಥ ಊರಲ್ಲೂ ಆಂಬುಲೆನ್ಸ್ ಎಂಟು ನಿಮಿಷದಲ್ಲಿ ಬಂದರೆ ಪುಣ್ಯ ಅಂತೀವಿ, ಅಲ್ವಾ? ಆದರೂ ಅಷ್ಟರಲ್ಲಿ ಅವರ ಹೃದಯ ನಿಂತಿತ್ತು. ಲೈಲಾ ಊರಿನ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ವೈದ್ಯರು ಸಾವನ್ನು ಖಚಿತಪಡಿಸಿದರು. 2015ರ ನಂತರ ಡಕಾರ್‌ನಲ್ಲಿ ಸ್ಪರ್ಧಿಯೊಬ್ಬರು ಸತ್ತದ್ದು ಅದೇ ಮೊದಲು.

ಹೆಲಿಕಾಪ್ಟರಿಗಿಂತ ಮೊದಲು ಅಲ್ಲಿದ್ದದ್ದು ಯಾರು? ಆಸ್ಟ್ರೇಲಿಯಾದ ಟೋಬಿ ಪ್ರೈಸ್. ಹಿಂದಿನ ವರ್ಷದ ಚಾಂಪಿಯನ್. ಪ್ರಶಸ್ತಿ ಉಳಿಸಿಕೊಳ್ಳಲು ಓಡುತ್ತಿದ್ದ ಮನುಷ್ಯ ಬೈಕ್ ನಿಲ್ಲಿಸಿ ಬಿದ್ದವರ ಬಳಿ ಕೂತರು. ಸ್ಲೊವಾಕಿಯಾದ ಸ್ಟೆಫಾನ್ ಸ್ವಿಟ್ಕೊ ಕೂಡ ನಿಂತರು. ಅವತ್ತು ಪ್ರೈಸ್ ಕೊನೆಗೆ ಹೆಲಿಕಾಪ್ಟರಿನವರೆಗೂ ಹೆಗಲು ಕೊಟ್ಟರು.

ನಿಲ್ಲುವುದೇ ಮೊದಲ ನಿಯಮ

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದ್ರೆ ಈ ಬಳಗದ ದುಃಖ ಅರ್ಥ ಆಗಬೇಕಾದರೆ ಈ ‘ನಿಲ್ಲುವ’ ಪದ್ಧತಿ ಮೊದಲು ಅರ್ಥ ಆಗಬೇಕು.

ಫಾರ್ಮುಲಾ ಒನ್ ರೇಸಿನಲ್ಲಿ ಒಬ್ಬರ ಕಾರು ಗುದ್ದಿದರೆ ಬಾವುಟ ತೋರಿಸುತ್ತಾರೆ, ಟ್ರ್ಯಾಕ್ ಪಕ್ಕದಲ್ಲೇ ಸಿಬ್ಬಂದಿ ಇರುತ್ತಾರೆ. ಮರಳುಗಾಡಿನಲ್ಲಿ ಯಾರಿದ್ದಾರೆ? ದಿಬ್ಬದ ಆಚೆ ಏನಿದೆ ಅಂತ ಸವಾರನಿಗೆ ಗೊತ್ತಿಲ್ಲ. ಅವನ ಮುಂದೆ ಇರುವುದು ರೋಡ್‌ಬುಕ್. ಆ ದಿನಗಳಲ್ಲಿ ಅದು ಹ್ಯಾಂಡಲ್ ಮೇಲಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿದ ಕಾಗದವಾಗಿತ್ತು. ಇಷ್ಟು ದೂರಕ್ಕೆ ಎಡಕ್ಕೆ ತಿರುಗು, ಇಷ್ಟು ದೂರಕ್ಕೆ ಹಳ್ಳ ಇದೆ ಅಂತ ಅದರಲ್ಲಿ ಗುರುತು. ಅಪಾಯ ಇದ್ದರೆ ಆಶ್ಚರ್ಯ ಚಿಹ್ನೆ: ಒಂದು, ಎರಡು, ಮೂರು. ಮೂರು ಇದ್ದರೆ ದೊಡ್ಡ ಗಂಡಾಂತರ. ಗಂಟೆಗೆ 100 ಕಿ.ಮೀ.ಗೂ ಮೀರಿದ ವೇಗದಲ್ಲಿ ಒಂದು ಕಣ್ಣು ರೋಡ್‌ಬುಕ್ ಮೇಲೆ, ಇನ್ನೊಂದು ಕಣ್ಣು ನೆಲದ ಮೇಲೆ. ಕಾರಿನಲ್ಲಾದರೆ ದಾರಿ ಓದಿ ಹೇಳೋಕೆ ಪಕ್ಕದಲ್ಲಿ ಒಬ್ಬರು ಇರ್ತಾರೆ. ಸುತ್ತ ಕಬ್ಬಿಣದ ಪಂಜರ ಇರುತ್ತೆ. ಬೈಕ್ ಸವಾರನಿಗೆ ಎರಡೂ ಇಲ್ಲ.

ಹಾಗಾಗಿ ಬಿದ್ದವನಿಗೆ ಮೊದಲ ಆಸರೆ ಅವನ ಹಿಂದೆ ಬರುತ್ತಿರುವ ಎದುರಾಳಿಯೇ. ಅವನನ್ನು ಸೋಲಿಸಬೇಕು ಅಂತಲೇ ಬೆನ್ನು ಹತ್ತಿರುವವನು! ಅವನು ನಿಂತು, ಬೈಕಿನಲ್ಲಿರುವ ಉಪಕರಣದಿಂದ ಎಚ್ಚರಿಕೆ ಕಳಿಸಿ, ವೈದ್ಯರು ಬರುವವರೆಗೂ ಕಾಯಬೇಕು. ಹೀಗೆ ಕಳೆದ ಸಮಯವನ್ನು ಆಮೇಲೆ ಆಯೋಜಕರು ಲೆಕ್ಕ ಹಾಕಿ ವಾಪಸ್ ಕೊಡುತ್ತಾರೆ. ಆದರೆ ಕಂಡದ್ದನ್ನು ವಾಪಸ್ ತಗೊಳ್ಳೋರು ಯಾರೂ ಇಲ್ಲ. ಅಲ್ಲಿಂದ ಎದ್ದು ಉಳಿದ ನೂರಾರು ಕಿಲೋಮೀಟರ್ ಅದೇ ಕಣ್ಣಿನಲ್ಲಿ ಓಡಿಸಬೇಕು.

ಈ ನಿಯಮವನ್ನು ಸ್ವತಃ ಪಾವುಲೊ ಹೇಗೆ ಪಾಲಿಸಿದ್ದರು ಗೊತ್ತಾ? 2016ರ ಜನವರಿ, ಡಕಾರ್ ಆಗ ದಕ್ಷಿಣ ಅಮೆರಿಕದಲ್ಲಿ ನಡೀತಿತ್ತು. ಬೊಲಿವಿಯಾದಿಂದ ಅರ್ಜೆಂಟೀನಾಕ್ಕೆ ಹೋಗುವ ಏಳನೇ ಹಂತ. ರ‍್ಯಾಲಿಯಲ್ಲಿ ಪಾವುಲೊ ಅವರೇ ಮುಂದಿದ್ದರು. ದಾರಿಯಲ್ಲಿ ಆಸ್ಟ್ರಿಯಾದ ಮಥಿಯಾಸ್ ವಾಲ್ಕ್ನರ್ ತೊಡೆಯ ಮೂಳೆ ಮುರಿದುಕೊಂಡು ಬಿದ್ದಿದ್ದರು. ವಾಲ್ಕ್ನರ್ ಎದುರಾಳಿ ಕಂಪನಿ ಕೆಟಿಎಂನ ಸವಾರ. ಪಾವುಲೊ ನಿಂತರು. ವೈದ್ಯರು ಬರುವವರೆಗೂ ಪಕ್ಕದಲ್ಲೇ ಇದ್ದರು. ಎರಡು ವರ್ಷದ ನಂತರ, 2018ರಲ್ಲಿ, ಅದೇ ವಾಲ್ಕ್ನರ್ ಡಕಾರ್ ಗೆದ್ದರು.

ಈಗ 2020ರ ಆ ಭಾನುವಾರವನ್ನು ಮತ್ತೆ ನೋಡಿ. ಯಾರ್ಯಾರಿಗೋ ನಿಂತಿದ್ದ ಮನುಷ್ಯನಿಗೆ ಬೇರೆಯವರು ನಿಂತರು. ಉಳಿಸಿಕೊಳ್ಳೋಕೆ ಆಗಲಿಲ್ಲ. ಸೋಮವಾರ ಬೈಕ್‌ಗಳು ನಿಂತದ್ದು ಇದೇ ಪದ್ಧತಿಯ ಮುಂದಿನ ಹೆಜ್ಜೆ ಅಂತ ನನಗೆ ಅನ್ನಿಸುತ್ತೆ. ದಾರಿಯಲ್ಲಿ ಒಬ್ಬೊಬ್ಬರಾಗಿ ನಿಲ್ಲುವವರು, ಅವತ್ತು ಎಲ್ಲರೂ ಒಟ್ಟಿಗೆ ನಿಂತರು.

ಸಾವು ಮೊದಲ ವರ್ಷದಿಂದಲೂ ಇತ್ತು

ಸ್ವಲ್ಪ ಹಿಂದೆ ಹೋಗೋಣ. 1977. ಥಿಯೆರಿ ಸಬೀನ್ ಅನ್ನೋ ಫ್ರೆಂಚ್ ಸವಾರ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಬೈಕ್ ಓಡಿಸುತ್ತಾ ಲಿಬಿಯಾದ ಮರಳುಗಾಡಿನಲ್ಲಿ ದಾರಿ ತಪ್ಪಿದರು. ಸಾಯುವ ಹಂತದಲ್ಲಿ ಪಾರಾಗಿ ಬಂದರು. ಬಂದವರು ಮರಳುಗಾಡಿಗೆ ಕೈಮುಗಿದು ಮನೆಯಲ್ಲಿ ಕೂರಲಿಲ್ಲ. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗ್ತೀನಿ ಅಂತ ಹೊರಟರು. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ 182 ವಾಹನಗಳು ಸೆನೆಗಲ್‌ನ ರಾಜಧಾನಿ ಡಕಾರ್ ಕಡೆಗೆ ಹೊರಟವು. ಮೊದಲ ವರ್ಷ ಗೆದ್ದದ್ದು ಬೈಕ್ ಸವಾರ ಸಿರಿಲ್ ನೆವೊ. ಮೊದಲ ವರ್ಷ ಸತ್ತದ್ದೂ ಬೈಕ್ ಸವಾರನೇ: ಪ್ಯಾಟ್ರಿಕ್ ದೊದಾಂ, ನೈಜರ್ ದೇಶದ ಅಗಾದೆಸ್‌ನಲ್ಲಿ.

1986ರ ಜನವರಿ 14ರಂದು ಸಬೀನ್ ಅವರೇ ಮಾಲಿ ದೇಶದಲ್ಲಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡರು. ಫ್ರಾನ್ಸಿನ ಜನಪ್ರಿಯ ಗಾಯಕ ದಾನಿಯೆಲ್ ಬಾಲವುವಾನ್ ಕೂಡ ಆ ಹೆಲಿಕಾಪ್ಟರಿನಲ್ಲಿದ್ದರು. ಒಟ್ಟು ಐವರು ಸತ್ತರು. ರ‍್ಯಾಲಿ ಮಾತ್ರ ಮುಂದುವರಿದು ಡಕಾರ್ ತಲುಪಿತು. ಸಬೀನ್ ಅವರ ಚಿತಾಭಸ್ಮವನ್ನು ನೈಜರ್‌ನ ಮರಳುಗಾಡಿನಲ್ಲಿ, ಒಂಟಿಯಾಗಿ ನಿಂತಿದ್ದ ಒಂದು ಮರದ ಬಳಿ ಚೆಲ್ಲಿದರು. ಆ ಮರಕ್ಕೆ ಇವತ್ತಿಗೂ ಅವರದ್ದೇ ಹೆಸರು.

2005: ಮಿಯೊನಿ ಹೋದ ದಿನ

ಬೈಕ್ ಸವಾರರೆಲ್ಲ ಒಂದಾಗಿ ಸೂತಕ ಆಚರಿಸಿದ ದೊಡ್ಡ ಉದಾಹರಣೆ 2005ರದ್ದು. ಅದರ ಹಿಂದಿನ ವರ್ಷ, 2004ರ ಸೆಪ್ಟೆಂಬರಿನಲ್ಲಿ, ಮೂರು ಸಲ ಡಕಾರ್ ಗೆದ್ದಿದ್ದ ರಿಶಾರ್ ಸಾಂ ಈಜಿಪ್ಟಿನ ರ‍್ಯಾಲಿಯಲ್ಲಿ ಬಿದ್ದು ಸತ್ತಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು.

2001 ಮತ್ತು 2002ರಲ್ಲಿ ಡಕಾರ್ ಗೆದ್ದಿದ್ದ ಇಟಲಿಯ ಫಾಬ್ರಿಜಿಯೊ ಮಿಯೊನಿ, ಇದೇ ಕೊನೆಯ ಡಕಾರ್ ಅಂದುಕೊಂಡೇ 2005ರಲ್ಲಿ ಹೊರಟಿದ್ದರು. ವಯಸ್ಸು 47. ಜನವರಿ 10ರಂದು ಸ್ಪೇನ್‌ನ ಸವಾರ ಹೊಸೆ ಮ್ಯಾನುಯೆಲ್ ಪೆರೆಸ್, ಕೆಲವು ದಿನದ ಹಿಂದೆ ಬಿದ್ದು ಗಾಯಗೊಂಡಿದ್ದವರು, ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಮಾರನೇ ದಿನವೇ, ಜನವರಿ 11ರಂದು, ಮಾರಿಟೇನಿಯಾದ ಕಿಫಾಗೆ ಹೋಗುವ ದಾರಿಯಲ್ಲಿ ಮಿಯೊನಿ ಬಿದ್ದರು. ಉಳಿಯಲಿಲ್ಲ.

ಎರಡು ದಿನದಲ್ಲಿ ಎರಡು ಸಾವು. ಮುಂದಿನ ಹಂತ ಬೈಕ್‌ಗಳಿಗೆ ರದ್ದಾಯಿತು. ಸವಾರರನ್ನು ವಿಮಾನದಲ್ಲಿ ಮಾಲಿಯ ಬಮಾಕೊಗೆ ಕರೆದೊಯ್ದರು. ಆ ವರ್ಷ ಗೆದ್ದ ಸಿರಿಲ್ ದೆಪ್ರೆ ತಮ್ಮ ಮೊದಲ ಡಕಾರ್ ಗೆಲುವನ್ನು ಮಿಯೊನಿ ಮತ್ತು ಸಾಂ ಇಬ್ಬರಿಗೆ ಅರ್ಪಿಸಿದರು. ಮಿಯೊನಿ ಬದುಕಿದ್ದಾಗಲೇ ಸೆನೆಗಲ್‌ನ ಮಕ್ಕಳ ಶಾಲೆಗಾಗಿ ಕೆಲಸ ಮಾಡಿದ್ದರು. ಅವರ ಹೆಸರಿನ ಸಂಸ್ಥೆ ಆ ಕೆಲಸ ಮುಂದುವರಿಸಿತು.

ಕಣ್ಣೀರು ನಿಯಮವಾಗುವುದು

ಸೂತಕ ಒಂದು ದಿನದ್ದು. ಆಮೇಲೆ? ದುಃಖ ಅಲ್ಲಿಗೇ ನಿಂತರೆ ಅದು ಹೂಗುಚ್ಛ ಇಟ್ಟು ಬಂದಷ್ಟೇ ಆಗುತ್ತೆ. ಡಕಾರ್ ಇತಿಹಾಸದಲ್ಲಿ ನಾನು ಮೆಚ್ಚುವ ಸಂಗತಿ ಏನಂದ್ರೆ, ಹಲವು ಸಾವುಗಳ ಬೆನ್ನಿಗೆ ಏನಾದರೊಂದು ಬದಲಾವಣೆ ಬಂದಿದೆ. ತಡವಾಗಿ ಬಂದಿದೆ, ಆದರೂ ಬಂದಿದೆ.

2005ರ ನಂತರ ಬೈಕ್‌ಗಳ ವೇಗಕ್ಕೆ ಗಂಟೆಗೆ 150 ಕಿ.ಮೀ. ಮಿತಿ ಹಾಕಿದರು. ಆದರೂ 2006ರ ಜನವರಿ 9ರಂದು ಆಸ್ಟ್ರೇಲಿಯಾದ ಆಂಡಿ ಕ್ಯಾಲ್ಡಿಕಾಟ್ ಅದೇ ಮಾರಿಟೇನಿಯಾದಲ್ಲಿ ಸತ್ತರು. ನಿಯಮ ಒಂದರಿಂದ ಸಾವು ನಿಲ್ಲೋದಿಲ್ಲ ಅನ್ನೋದೂ ಆಗ ಗೊತ್ತಾಯಿತು. 2011ರ ಹೊತ್ತಿಗೆ ಎಲ್ಲ ಬೈಕ್‌ಗಳ ಎಂಜಿನ್ 450 ಸಿಸಿಗೆ ಇಳಿಯಿತು. ದೊಡ್ಡ ಎಂಜಿನ್, ದೊಡ್ಡ ಇಂಧನ ಟ್ಯಾಂಕ್, ಭಾರದ ಬೈಕ್‌ಗಳ ಕಾಲ ಮುಗಿಯಿತು.

2009ರಲ್ಲಿ ರ‍್ಯಾಲಿ ಮೊದಲ ಸಲ ದಕ್ಷಿಣ ಅಮೆರಿಕಕ್ಕೆ ಹೋದಾಗ ಫ್ರಾನ್ಸಿನ ಪಾಸ್ಕಲ್ ತೆರಿ ಅನ್ನೋ ಸವಾರ ಎರಡನೇ ಹಂತದಲ್ಲಿ ಕಾಣೆಯಾದರು. ದಿನಗಳ ನಂತರ ಶವ ಸಿಕ್ಕಿತು. ಹುಡುಕಾಟದಲ್ಲಿ ಆದ ಗೊಂದಲದ ಬಗ್ಗೆ ದೊಡ್ಡ ಟೀಕೆ ಬಂತು. ಅಂಥ ಕಥೆಯನ್ನು ಓದಿದ ಮೇಲೆ 2020ರ ಆ ಎಂಟು ನಿಮಿಷದ ಬೆಲೆ ಏನು ಅಂತ ಅರ್ಥ ಆಗುತ್ತೆ.

2020ರಲ್ಲಿ ಪಾವುಲೊ ಒಬ್ಬರೇ ಹೋಗಲಿಲ್ಲ. ಜನವರಿ 16ರಂದು ನೆದರ್ಲೆಂಡ್ಸ್‌ನ ಎಡ್ವಿನ್ ಸ್ಟ್ರಾವರ್ ಬಿದ್ದರು. ಮೆಕ್ಯಾನಿಕ್‌ಗಳಿಲ್ಲದೆ, ತಮ್ಮ ಬೈಕನ್ನು ತಾವೇ ರಿಪೇರಿ ಮಾಡಿಕೊಳ್ಳುವ ಸವಾರರ ವಿಭಾಗದಲ್ಲಿ 2019ರಲ್ಲಿ ಗೆದ್ದಿದ್ದವರು ಅವರು. ಜನವರಿ 24ರಂದು ತಮ್ಮ ದೇಶದ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಮರುವರ್ಷದಿಂದ ಬೈಕ್ ಸವಾರರೆಲ್ಲರೂ ಗಾಳಿಚೀಲ ಇರುವ ಏರ್‌ಬ್ಯಾಗ್ ಜಾಕೆಟ್ ಹಾಕಲೇಬೇಕು ಅನ್ನೋ ನಿಯಮ ಬಂತು. ಅಪಾಯದ ಜಾಗ ಹತ್ತಿರವಾದಾಗ ಶಬ್ದ ಮಾಡಿ ಎಚ್ಚರಿಸುವ ವ್ಯವಸ್ಥೆ ಬಂತು. ಕೆಲವು ಕಡೆ ವೇಗ ಗಂಟೆಗೆ 90 ಕಿ.ಮೀ. ಮೀರಬಾರದು ಅಂತಲೂ ಆಯಿತು.

ಆದರೂ 2021ರಲ್ಲಿ ಫ್ರಾನ್ಸಿನ ಪಿಯೆರ್ ಶೆರ್ಪಾಂ ಸತ್ತರು. ಮರಳುಗಾಡು ತನ್ನ ಲೆಕ್ಕ ತಾನು ಇಟ್ಟುಕೊಂಡಿರುತ್ತೆ.

ನಮ್ಮವರ ಕಡೆಗೆ

2020ರಲ್ಲಿ ಪಾವುಲೊ ಹೋದ ಮೇಲೆ ಹೀರೊ ತಂಡ ಇಡೀ ರ‍್ಯಾಲಿಯಿಂದ ಹಿಂದೆ ಸರಿಯಿತು. ಬೇರೆಯವರದ್ದು ಒಂದು ದಿನದ ಸೂತಕ, ಇವರದ್ದು ಪೂರ್ತಿ. ಸಂತೋಷ್ ಕೂಡ ಬೈಕ್ ನಿಲ್ಲಿಸಿ ವಾಪಸಾದರು.

ಸಂತೋಷ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 2015ರಲ್ಲಿ 36ನೆಯವರಾಗಿ ಗುರಿ ಮುಟ್ಟಿ, ಡಕಾರ್ ಪೂರ್ತಿಗೊಳಿಸಿದ ಮೊದಲ ಭಾರತೀಯ ಅನ್ನಿಸಿಕೊಂಡವರು. ಅವರ ಹಿಂದೆಯೇ ಕರಾವಳಿಯ ಕೆ.ಪಿ. ಅರವಿಂದ್ ಹೋದರು. ಎರಡು ವರ್ಷ ಬಿದ್ದು ಪೆಟ್ಟು ಮಾಡಿಕೊಂಡು ವಾಪಸ್ ಬಂದ ಅರವಿಂದ್, 2019ರಲ್ಲಿ 37ನೇ ಸ್ಥಾನದೊಂದಿಗೆ ಮುಗಿಸಿದರು. ನಮ್ಮ ಮನೆಗಳಲ್ಲಿ ಅವರನ್ನು ಬಿಗ್ ಬಾಸ್‌ನಿಂದ ಗುರುತು ಹಿಡಿಯುವವರೇ ಹೆಚ್ಚು ಅನ್ನೋದು ಬೇರೆ ಮಾತು.

2021ರ ಜನವರಿ 6. ಪಾವುಲೊ ತೀರಿ ವರ್ಷ ತುಂಬಲು ಆರು ದಿನ ಬಾಕಿ. ವಾದಿ ಅಲ್ ದವಾಸಿರ್‌ನಿಂದ ರಿಯಾದ್‌ಗೆ ಬರುವ ನಾಲ್ಕನೇ ಹಂತದಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟು. ರಿಯಾದ್ ಆಸ್ಪತ್ರೆಯಲ್ಲಿ ವೈದ್ಯರು ಔಷಧಿ ಕೊಟ್ಟು ಅವರನ್ನು ಕೋಮಾದಲ್ಲಿ ಇಟ್ಟರು. ಇಲ್ಲಿ ಬೆಂಗಳೂರಿನಲ್ಲಿ ಬೈಕ್ ಬಳಗದವರೆಲ್ಲ ಉಸಿರು ಹಿಡಿದು ಕೂತರು. ಈ ಸಲ ಸುದ್ದಿ ಒಳ್ಳೆಯದಾಯಿತು. ಸಂತೋಷ್ ಎಚ್ಚರಗೊಂಡರು, ಊರಿಗೆ ಮರಳಿದರು.

ಇನ್ನು ರೊಡ್ರಿಗಸ್. 2018ರಲ್ಲಿ ಪೆರುವಿನಲ್ಲಿ ಮೊದಲ ದಿನವೇ ಬಿದ್ದು ಬೆನ್ನಿಗೆ ಭಾರಿ ಪೆಟ್ಟು ಮಾಡಿಕೊಂಡವರು. 2020ರಲ್ಲಿ ಪಾವುಲೊ ಬಿದ್ದ ಜಾಗಕ್ಕೆ ಸ್ವಲ್ಪ ಹೊತ್ತಿನಲ್ಲೇ ಬಂದು ತಲುಪಿದವರು. ಅವರು ಮತ್ತೆ ಬೈಕ್ ಹತ್ತಲ್ಲ ಅಂದಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹತ್ತಿದರು. 2022ರ ಜನವರಿ 4ರಂದು ಡಕಾರ್‌ನ ಮೂರನೇ ಹಂತವನ್ನು ಗೆದ್ದರು. ಭಾರತದ ಕಂಪನಿಯೊಂದರ ಬೈಕ್ ಡಕಾರ್‌ನ ಒಂದು ಹಂತ ಗೆದ್ದದ್ದು ಅದೇ ಮೊದಲು. ನಮ್ಮ ಪತ್ರಿಕೆಗಳಲ್ಲಿ ಅದು ಕಂಪನಿಯ ಸಾಧನೆ ಅಂತ ಬಂತು, ಸರಿಯೇ. ರೊಡ್ರಿಗಸ್ ಆ ಗೆಲುವನ್ನು ಪಾವುಲೊಗೆ ಅರ್ಪಿಸಿದರು.

ಸೂತಕ ಸಿಗದ ಸಾವುಗಳು

ಇಲ್ಲಿಗೆ ಮುಗಿಸಿದರೆ ಕಥೆ ಅರ್ಧ ಆಗುತ್ತೆ. ಯಾಕಂದ್ರೆ ಡಕಾರ್‌ನಲ್ಲಿ ಸತ್ತವರೆಲ್ಲ ಸವಾರರಲ್ಲ.

ಆಫ್ರಿಕಾದ ದಾರಿಯ ಪಕ್ಕ ರೇಸ್ ನೋಡಲು ನಿಂತಿದ್ದವರು, ರಸ್ತೆ ದಾಟುತ್ತಿದ್ದವರು, ಮಕ್ಕಳು, ಎಷ್ಟೋ ಜನ ವರ್ಷ ವರ್ಷ ಸತ್ತಿದ್ದಾರೆ. 2005ರಲ್ಲಿ ಮಿಯೊನಿ ಸತ್ತ ಅದೇ ರ‍್ಯಾಲಿಯಲ್ಲಿ ಸೆನೆಗಲ್‌ನ ಐದು ವರ್ಷದ ಹುಡುಗಿಯೊಬ್ಬಳು ತಂಡವೊಂದರ ಟ್ರಕ್ಕಿಗೆ ಸಿಕ್ಕಿ ಸತ್ತಳು. 2006ರಲ್ಲಿ ಕೊನೆಯ ಎರಡು–ಮೂರು ದಿನದಲ್ಲಿ ಗಿನಿಯಲ್ಲಿ ಒಬ್ಬ, ಸೆನೆಗಲ್‌ನಲ್ಲಿ ಒಬ್ಬ, ಇಬ್ಬರು ಹುಡುಗರು ಸತ್ತರು. ಸವಾರ ತಾನೇ ಇಷ್ಟಪಟ್ಟು, ಅಪಾಯ ಗೊತ್ತಿದ್ದು, ಸಹಿ ಹಾಕಿ ಬಂದಿರುತ್ತಾನೆ. ಆ ಮಕ್ಕಳು ಯಾವ ಕಾಗದಕ್ಕೆ ಸಹಿ ಹಾಕಿದ್ದರು? ತಮ್ಮ ಊರಲ್ಲಿ, ತಮ್ಮ ಮನೆ ಮುಂದೆ ಇದ್ದರು, ಅಷ್ಟೇ.

ಮಿಯೊನಿ ಹೆಸರು ನಮಗೆ ಗೊತ್ತು, ಪಾವುಲೊ ಹೆಸರು ಗೊತ್ತು. ಆ ಹುಡುಗಿಯ ಹೆಸರು ಎಷ್ಟು ಜನ ನೆನಪಿಟ್ಟಿದ್ದಾರೆ? ಸವಾರರ ದುಃಖ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ನಿಜವಾದ ದುಃಖ. ಆದರೆ ಒಂದು ಬಳಗದ ಸೂತಕ ಎಲ್ಲಿಯವರೆಗೆ ಹೋಗುತ್ತೆ ಅನ್ನೋದರಿಂದ ಆ ಬಳಗ ಯಾರನ್ನು ತನ್ನವರು ಅಂದುಕೊಂಡಿದೆ ಅಂತ ಗೊತ್ತಾಗುತ್ತೆ. ಭದ್ರತೆಯ ಬೆದರಿಕೆಯಿಂದ 2008ರ ರ‍್ಯಾಲಿ ರದ್ದಾಗಿ, 2009ರಿಂದ ಡಕಾರ್ ಆಫ್ರಿಕಾವನ್ನೇ ಬಿಟ್ಟಿತು. ಹೆಸರು ಮಾತ್ರ ಉಳಿಸಿಕೊಂಡಿತು. ಅಲ್ಲಿ ಉಳಿದ ಗೋರಿಗಳ ಲೆಕ್ಕ ಈ ಇತಿಹಾಸದಲ್ಲಿ ಇನ್ನೂ ಸರಿಯಾಗಿ ಬರೆದಿಲ್ಲ.

ಕೊನೆಗೆ

ಹಾಗಾದರೆ ಇಂಥ ರೇಸ್ ಬೇಕಾ? ಪ್ರತಿ ಸಾವಿನ ನಂತರ ಈ ಪ್ರಶ್ನೆ ಬರುತ್ತೆ. ಬರಲೇಬೇಕು. ಬೇಡ ಅನ್ನುವವರ ಮಾತಿನಲ್ಲಿ ಸತ್ಯ ಇದೆ. ಓಡಿಸುವವರನ್ನು ಕೇಳಿದರೆ ಅವರ ಉತ್ತರ ಬೇರೆ ಇರುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮುಗಿಸೋಕೆ ನನ್ನಿಂದ ಆಗೋದಿಲ್ಲ.

ಆದರೆ ಈ ಇತಿಹಾಸದಿಂದ ನಮ್ಮ ಸವಾರರು ತಗೊಳ್ಳಬಹುದಾದದ್ದು ಒಂದಿದೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಮಣ್ಣಿನ ದಾರಿಗಳಲ್ಲಿ ಈಗ ವಾರದ ಕೊನೆಗೆ ಆಫ್‌ರೋಡ್ ಬೈಕ್‌ಗಳದ್ದೇ ಸದ್ದು. ದುಬಾರಿ ಬೈಕ್ ಇರುತ್ತೆ, ಹೆಲ್ಮೆಟ್ ಮೇಲೆ ಕ್ಯಾಮೆರಾ ಇರುತ್ತೆ. ಬಿದ್ದರೆ ಎಂಟು ನಿಮಿಷದಲ್ಲಿ ಬರುವ ಹೆಲಿಕಾಪ್ಟರ್ ಇರಲ್ಲ. ಇರೋದು ಹಿಂದೆ ಬರುತ್ತಿರುವ ಜೊತೆಗಾರ ಮಾತ್ರ. ಡಕಾರ್‌ನವರು 40 ವರ್ಷದಲ್ಲಿ ಕಲಿತ ಪಾಠ ಇಷ್ಟೇ: ಕನ್ನಡಿಯಲ್ಲಿ ಹಿಂದಿನವನು ಕಾಣದಿದ್ದರೆ ನಿಲ್ಲು. ಬಿದ್ದವನು ಯಾರೇ ಆಗಿರಲಿ, ಜೊತೆಯವನಾಗಲಿ, ದಾರಿ ಬದಿಯ ಊರಿನವನಾಗಲಿ, ಮೊದಲು ನಿಲ್ಲು.

ಇವತ್ತಿಗೆ ಇಷ್ಟು. ನಿಮ್ಮ ಅಭಿಪ್ರಾಯ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೊಂದು ಕಥೆಯೊಂದಿಗೆ ಸಿಗೋಣ. ಅಲ್ಲಿವರೆಗೂ ನೋಡಿಕೊಂಡು ಗಾಡಿ ಓಡಿಸಿ.